ನಮ್ಮ ಮಾತು ಅವರಿಗೆ ಕೇಳುತ್ತೆ, ಅವರದು ನಮಗೆ ಕೇಳಲ್ಲ

ಮಲೇಬೆನ್ನೂರಿನ ಹತ್ತಿರ ಒಂದು ಅಕ್ಕಿ ಗಿರಣಿ. ಅದರ ಆಫೀಸು ಇರುವುದು ದಾವಣಗೆರೆಯ ಎಪಿಎಂಸಿ ಯಾರ್ಡ್‌ನಲ್ಲಿ. ಗಿರಾಕಿ ಫೋನ್ ಮಾಡಿದರೆ ಎರಡೂ ಕಡೆ ಒಂದೇ ನಂಬರ್ ರಿಂಗ್ ಆಗಬೇಕು ಎನ್ನುವುದು ಮಾಲೀಕರ ಆಸೆ. ಹಿಂದೆ ಅವರ ಗುಮಾಸ್ತರೊಬ್ಬರು ಕೆಲಸ ಬಿಟ್ಟಾಗ, ಅವರ ಮೊಬೈಲ್ ನಂಬರಿನ ಜೊತೆ ಅರ್ಧ ಗಿರಾಕಿಗಳೂ ಹೋಗಿಬಿಟ್ಟಿದ್ದರು. ಆ ಪೆಟ್ಟು ತಿಂದ ಮೇಲೆ ಇಂಟರ್ನೆಟ್ ಮೇಲೆ ನಡೆಯುವ ಫೋನ್ ಹಾಕಿಕೊಡಿ ಎಂದು ನನ್ನನ್ನು ಕರೆದರು. ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡೆವು. ಅದರ ಮೇಲೆ ಫೋನ್ ಎಕ್ಸ್‌ಚೇಂಜ್‌ನ ಕೆಲಸ ಮಾಡುವ ಆಸ್ಟರಿಸ್ಕ್ ಎಂಬ ಸಾಫ್ಟ್‌ವೇರ್ ಹಾಕಿದೆವು. ಯಾರ್ಡ್‌ನಲ್ಲಿ ಎರಡು ಫೋನ್, ಗಿರಣಿಯಲ್ಲಿ ಮೂರು ಫೋನ್ ಇಟ್ಟೆವು.

ಯಾರ್ಡ್‌ನ ಫೋನ್‌ಗಳು ಅರ್ಧ ದಿನದಲ್ಲಿ ಸಿದ್ಧವಾದವು. ಗಿರಣಿಯವು ಮೂರು ದಿನ ಕಾಡಿದವು. ರಿಂಗ್ ಆಗುತ್ತಿತ್ತು, ಎತ್ತಿದರೆ ಕಾಲ್ ಶುರುವಾಗುತ್ತಿತ್ತು. ಗಿರಣಿಯವರ ಮಾತು ಆ ಕಡೆಗೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಆ ಕಡೆಯವರ ಮಾತು ಗಿರಣಿಯಲ್ಲಿ ಒಂದಕ್ಷರವೂ ಕೇಳುತ್ತಿರಲಿಲ್ಲ. ಮೇಸ್ತ್ರಿ ರಿಸೀವರ್ ಹಿಡಿದು "ಹಲೋ ಹಲೋ" ಎಂದು ಕೂಗುತ್ತಲೇ ಇದ್ದರು.

ನಮ್ಮ ಭಾಗದಲ್ಲಿ ಐಪಿ ಫೋನ್, ಸಿಸಿಟಿವಿ, ಕೇಬಲ್ ಕೆಲಸ ಮಾಡುವವರದ್ದೊಂದು ವಾಟ್ಸಾಪ್ ಗುಂಪಿದೆ. ಅಲ್ಲಿ ಕೇಳಿದೆ. ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಹೋದ ವರ್ಷನೇ ಇದು ಬಂದಿತ್ತು ಗುರು, ಮೇಲೆ ನೋಡಿ." ಮೇಲೆ ನೋಡಿದೆ. ಗಣೇಶನ ಹಬ್ಬದ ಶುಭಾಶಯ, ಶುಭೋದಯದ ಹೂವು, ಹಳೆಯ ಬ್ಯಾಟರಿ ಮಾರಾಟಕ್ಕಿದೆ ಎನ್ನುವ ಫೋಟೊ, ಮತ್ತೆ ಶುಭೋದಯ. ಒಂದು ಗಂಟೆ ಬೆರಳು ಸವೆಸಿದ ಮೇಲೆ ಹೋದ ವರ್ಷದ ಪ್ರಶ್ನೆ ಸಿಕ್ಕಿತು. ಅದರ ಕೆಳಗಿದ್ದ ಉತ್ತರ ಒಂದು ವಾಯ್ಸ್ ಮೆಸೇಜ್. ಒತ್ತಿದರೆ ಡೌನ್‌ಲೋಡ್ ಆಗಲಿಲ್ಲ. ಕಳಿಸಿದವರನ್ನೇ ಕೇಳೋಣವೆಂದರೆ ಅವರು ಫೋನ್ ಬದಲಿಸಿದ್ದರು. ಅಂದು ಏನು ಹೇಳಿದ್ದೆ ಎಂಬುದು ಅವರಿಗೂ ನೆನಪಿರಲಿಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ತೆರೆದ ಇಂಟರ್ನೆಟ್‌ನಲ್ಲಿ. ಯಾವುದೋ ದೇಶದ ಯಾರೋ ಒಬ್ಬರು ಹತ್ತು ವರ್ಷಕ್ಕೂ ಹಿಂದೆ ಇಂಗ್ಲಿಷ್‌ನಲ್ಲಿ ಬರೆದಿಟ್ಟಿದ್ದ ನಾಲ್ಕು ಸಾಲು ಅದು. ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಎನ್ನುವ ಸೆಟ್ಟಿಂಗ್ ಆಫ್ ಮಾಡಿ ಎಂದಿತ್ತು. ಮಾಡಿದೆ. ಮೇಸ್ತ್ರಿಗೆ ಮಾತು ಕೇಳಿತು.

ಅಂದಿನಿಂದ ಒಂದು ವಿಷಯ ನನ್ನ ತಲೆಯಲ್ಲಿ ಕೂತಿದೆ. ನಮ್ಮವರೇ ಕಂಡುಕೊಂಡ, ಕನ್ನಡದಲ್ಲೇ ಹೇಳಿದ ಉತ್ತರ ಒಂದೇ ವರ್ಷದಲ್ಲಿ ಕಳೆದುಹೋಯಿತು. ಪರಿಚಯವೇ ಇಲ್ಲದವರ ಉತ್ತರ ಹತ್ತು ವರ್ಷ ಬದುಕಿತು. ಹೀಗೇಕೆ?

ಮೊದಲು ಆ ಸೆಟ್ಟಿಂಗ್ ಏನು ಮಾಡುತ್ತಿತ್ತು ಅಂತ ಹೇಳಿಬಿಡುತ್ತೇನೆ. ಇಂಟರ್ನೆಟ್ ಫೋನ್‌ನಲ್ಲಿ ಎರಡು ಕೆಲಸ ಬೇರೆ ಬೇರೆ ನಡೆಯುತ್ತವೆ. ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ, ಎತ್ತಿದರೋ ಇಟ್ಟರೋ ಎಂದು ಹೇಳುವುದು ಸಿಪ್ ಎನ್ನುವ ಪದ್ಧತಿ. ಧ್ವನಿಯನ್ನು ಚೂರು ಚೂರಾಗಿ ಹೊತ್ತೊಯ್ಯುವುದು ಆರ್‌ಟಿಪಿ. "ನನಗೆ ಧ್ವನಿಯನ್ನು ಈ ವಿಳಾಸಕ್ಕೆ ಕಳಿಸಿ" ಎಂದು ಫೋನ್ ತನ್ನ ಸಿಪ್ ಸಂದೇಶದ ಒಳಗೇ ಬರೆದಿರುತ್ತದೆ. ಗಿರಣಿಯ ಫೋನ್ ಬರೆಯುವುದು 192.168 ಎಂದು ಶುರುವಾಗುವ ವಿಳಾಸ. ಅದು ಗಿರಣಿಯ ಒಳಗೆ ಮಾತ್ರ ನಡೆಯುವ ವಿಳಾಸ. ಮುಂಬೈಯವರಿಗೆ ಊರಿನ ಹೆಸರನ್ನೇ ಬರೆಯದೆ "ಪಿ.ಜೆ. ಬಡಾವಣೆ, 4ನೇ ಕ್ರಾಸ್" ಎಂದಷ್ಟೇ ಕೊಟ್ಟ ಹಾಗೆ. ಅವರು ಕಾಗದ ಹಾಕಿದರೂ ಅದು ನಮಗೆ ತಲುಪುವುದಿಲ್ಲ ಅಲ್ವಾ? ಇದನ್ನು ಸರಿಮಾಡಲೆಂದೇ ರೂಟರ್‌ನಲ್ಲಿ ಎಎಲ್‌ಜಿ ಇಟ್ಟಿರುತ್ತಾರೆ. ಕಾಗದ ಹೊರಗೆ ಹೋಗುವಾಗ ಅದು ಊರು, ಪಿನ್‌ಕೋಡ್ ಸೇರಿಸಿ ಕಳಿಸಬೇಕು. ಆದರೆ ಬಹಳಷ್ಟು ಅಗ್ಗದ ರೂಟರ್‌ಗಳು ಪಿನ್‌ಕೋಡನ್ನೇ ತಪ್ಪು ಬರೆಯುತ್ತವೆ. ವಿಳಾಸವನ್ನು ಸರಿಮಾಡಿಕೊಳ್ಳುವುದು ಸರ್ವರ್‌ಗೆ ತಾನೇ ಗೊತ್ತಿರುತ್ತದೆ. ರೂಟರ್ ಮಧ್ಯೆ ಕೈ ಹಾಕಿದಾಗ ಅದಕ್ಕೂ ದಾರಿ ತಪ್ಪುತ್ತದೆ. ಹೋಗುವ ಮಾತು ಹೋಗುತ್ತದೆ, ಬರುವ ಮಾತು ಬರುವುದಿಲ್ಲ.

ಈ ಕೆಲಸದಲ್ಲಿ ಇಂಥ ಸಣ್ಣ ಗುಟ್ಟುಗಳು ನೂರಾರು. ಯಾವ ರೂಟರ್, ಯಾವ ಫೋನ್, ಅವುಗಳೊಳಗೆ ಯಾವ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಸಾಫ್ಟ್‌ವೇರ್) ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಪುಸ್ತಕದಲ್ಲಿ ಇದು ಬರುವುದಿಲ್ಲ. ಒಬ್ಬರು ಕೈ ಸುಟ್ಟುಕೊಂಡು ಇನ್ನೊಬ್ಬರಿಗೆ ಹೇಳಬೇಕು. ಹಾಗಾಗಿ ಎಲ್ಲಿ ಹೇಳುತ್ತೇವೆ ಎನ್ನುವುದು ನಮಗೆ ದೊಡ್ಡ ಪ್ರಶ್ನೆ.

ತೆರೆದ ಜಾಲ, ಮುಚ್ಚಿದ ಜಾಲ ಎನ್ನುವಾಗ ಜನ ಒಂದೇ ಮಾತಿನಲ್ಲಿ ಹಲವು ವಿಷಯ ಸೇರಿಸಿಬಿಡುತ್ತಾರೆ. ಹೊರಗಿನವರು ಬಂದು ಓದಬಹುದೇ ಎನ್ನುವುದು ಒಂದು. ಓದಿದ್ದನ್ನು ಬೇರೆ ಕಡೆ ತೆಗೆದುಕೊಂಡು ಹೋಗಿ ಇಟ್ಟುಕೊಳ್ಳಬಹುದೇ ಎನ್ನುವುದು ಇನ್ನೊಂದು. ಆ ಜಾಲದಲ್ಲಿ ಖಾತೆ ಇಲ್ಲದವರು ತಮ್ಮದೇ ಜಾಲದಿಂದ ಮಾತಾಡಿಸಬಹುದೇ ಎನ್ನುವುದು ಬೇರೆಯೇ. ರೆಡಿಟ್ ಎನ್ನುವ ಚರ್ಚೆಯ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಆದರೆ 2023ರಲ್ಲಿ ಆ ಕಂಪನಿ ಹೊರಗಿನ ಆ್ಯಪ್‌ಗಳಿಗೆ ದೊಡ್ಡ ದರ ಹಾಕಿದಾಗ ಸಾವಿರಾರು ಗುಂಪುಗಳು ಸಿಟ್ಟಿನಿಂದ ಬಾಗಿಲು ಹಾಕಿದವು. ಉತ್ತರ ಹುಡುಕಿಕೊಂಡು ಹೋದವರಿಗೆ ಆ ದಿನಗಳಲ್ಲಿ ಬರೀ ಬೀಗ ಕಂಡಿತು. ಸ್ಟಾಕ್ ಎಕ್ಸ್‌ಚೇಂಜ್ ಎನ್ನುವ ಪ್ರಶ್ನೋತ್ತರದ ತಾಣ ಕೂಡ ಕಂಪನಿಯದ್ದೇ. ಆದರೆ ಅಲ್ಲಿನ ಉತ್ತರಗಳನ್ನು ಹೆಸರು ಹೇಳಿ ಯಾರು ಬೇಕಾದರೂ ಮರುಬಳಕೆ ಮಾಡಬಹುದು ಎನ್ನುವ ಲೈಸೆನ್ಸ್ ಇದೆ. ಓದಲು ತೆರೆದಿರುವುದಕ್ಕೂ ಒಯ್ಯಲು ತೆರೆದಿರುವುದಕ್ಕೂ ಇಷ್ಟು ವ್ಯತ್ಯಾಸ.

ಮೂರನೆಯ ಪ್ರಶ್ನೆ ಫೋನ್‌ನವರಾದ ನಮಗೆ ಹೊಸದೇನಲ್ಲ. ಫೋನ್‌ನ ಚರಿತ್ರೆಯೇ ಅದು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಎಷ್ಟೋ ಊರುಗಳಲ್ಲಿ ಎರಡೆರಡು ಫೋನ್ ಕಂಪನಿಗಳಿದ್ದವು. ಒಂದರ ಫೋನ್‌ನಿಂದ ಇನ್ನೊಂದಕ್ಕೆ ಕರೆ ಹೋಗುತ್ತಿರಲಿಲ್ಲ. ಅಂಗಡಿಯವರು ಮೇಜಿನ ಮೇಲೆ ಎರಡು ಫೋನ್ ಇಟ್ಟುಕೊಳ್ಳಬೇಕಿತ್ತು. ಸರ್ಕಾರದ ಒತ್ತಡಕ್ಕೆ ಬಗ್ಗಿ ಎಟಿ ಆ್ಯಂಡ್ ಟಿ ಕಂಪನಿ ತನ್ನ ದೂರದ ಲೈನ್‌ಗಳಿಗೆ ಬೇರೆ ಕಂಪನಿಗಳನ್ನು ಸೇರಿಸಿಕೊಳ್ಳಲು ಒಪ್ಪಿದ್ದು 1913ರಲ್ಲಿ. ಇವತ್ತು ಜಿಯೋದಿಂದ ಬಿಎಸ್‌ಎನ್‌ಎಲ್‌ಗೆ ಕರೆ ಮಾಡುವಾಗ ನಾವು ಒಂದು ಕ್ಷಣವೂ ಯೋಚಿಸುವುದಿಲ್ಲ. ಹಾಗೆ ಕರೆ ಹೋಗಲೇಬೇಕು ಎನ್ನುವ ನಿಯಮ ಹಿಂದೆ ನಿಂತಿದೆ.

ಇಂಟರ್ನೆಟ್ ಫೋನ್‌ನಲ್ಲಿ ಅದೇ ಜಗಳ ಮತ್ತೆ ನಡೆಯಿತು. ಸಿಪ್ ಪದ್ಧತಿಯ ಮೊದಲ ಅಧಿಕೃತ ದಾಖಲೆ ಬಂದಿದ್ದು 1999ರಲ್ಲಿ. ಆಸ್ಟರಿಸ್ಕ್ ಶುರುವಾಗಿದ್ದೂ ಅದೇ ವರ್ಷ. ಮಾರ್ಕ್ ಸ್ಪೆನ್ಸರ್ ತಮ್ಮ ಪುಟ್ಟ ಕಂಪನಿಗೆ ಫೋನ್ ಎಕ್ಸ್‌ಚೇಂಜ್ ಕೊಳ್ಳಲು ದುಡ್ಡು ಸಾಲದೆ ತಾವೇ ಬರೆದು, ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಅದು. ಸಿಪ್ ವಿಳಾಸ ನೋಡಲು ಇಮೇಲ್ ಥರವೇ ಇರುತ್ತದೆ. ಯಾರ ಸರ್ವರ್‌ನಿಂದ ಯಾರ ಸರ್ವರ್‌ಗೆ ಬೇಕಾದರೂ ಕರೆ ಹೋಗಲಿ ಎನ್ನುವುದೇ ಅದರ ಉದ್ದೇಶವಾಗಿತ್ತು. 2003ರಲ್ಲಿ ಸ್ಕೈಪ್ ಬಂತು. ಅದರ ಒಳಗೇನು ನಡೆಯುತ್ತದೆ ಎಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಸ್ಕೈಪ್‌ನಿಂದ ಸ್ಕೈಪ್‌ಗೆ ಮಾತ್ರ ಪುಕ್ಕಟೆ ಕರೆ. ಆದರೂ ಜನ ಅದನ್ನೇ ಹಿಡಿದರು. ಕಾರಣ ಸರಳ. ಮೇಲೆ ಹೇಳಿದ ವಿಳಾಸದ ತೊಂದರೆಯನ್ನು ಸ್ಕೈಪ್ ತಾನೇ ಸರಿಮಾಡಿಕೊಳ್ಳುತ್ತಿತ್ತು. ಹೆಡ್‌ಫೋನ್ ಹಾಕಿ ಮಾತಾಡಿದರೆ ಮುಗಿಯಿತು. ಅಮೆರಿಕದಲ್ಲಿದ್ದ ಮಗನ ಜೊತೆ ಮಾತಾಡಬೇಕಿದ್ದ ವಿದ್ಯಾನಗರದ ತಾಯಿಗೆ ಪದ್ಧತಿ ತೆರೆದಿದೆಯೋ ಮುಚ್ಚಿದೆಯೋ ಎನ್ನುವುದು ಬೇಕಿರಲಿಲ್ಲ, ಮಗನ ದನಿ ಬೇಕಿತ್ತು. ನಾವು ತೆರೆದ ಪದ್ಧತಿಯ ಕಡೆಯವರು ಇದನ್ನು ಒಪ್ಪಿಕೊಳ್ಳಲೇಬೇಕು.

ಅದೇ ಸ್ಕೈಪ್ ಅನ್ನು ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರ್‌ಗೆ ಕೊಂಡಿತು. 2025ರ ಮೇ 5ರಂದು ಮುಚ್ಚಿತು. 1999ರ ಸಿಪ್ ಇನ್ನೂ ನಡೆಯುತ್ತಿದೆ. ನಿಮ್ಮ ಮೊಬೈಲ್‌ನ 4ಜಿ ಕರೆಯ ಒಳಗೂ ಅದೇ ಇದೆ.

ಗೂಗಲ್‌ನ ಹರಟೆಯ ಸೇವೆಯಾಗಿದ್ದ ಗೂಗಲ್ ಟಾಕ್ ಕಥೆ ಇನ್ನೂ ನೋವಿನದು. 2006ರಲ್ಲಿ ಅದು ಎಕ್ಸ್‌ಎಂಪಿಪಿ ಎನ್ನುವ ತೆರೆದ ಪದ್ಧತಿಯ ಬೇರೆ ಸರ್ವರ್‌ಗಳಿಗೆ ಬಾಗಿಲು ತೆರೆದಿತ್ತು. ತಮ್ಮದೇ ಪುಟ್ಟ ಸರ್ವರ್ ಇಟ್ಟುಕೊಂಡ ಕಾಲೇಜು ಹುಡುಗ ಕೂಡ ಜಿಮೇಲ್ ಬಳಸುವ ಗೆಳೆಯನ ಜೊತೆ ಹರಟಬಹುದಿತ್ತು. 2013ರಲ್ಲಿ ಅದರ ಜಾಗಕ್ಕೆ ಗೂಗಲ್‌ನದೇ ಹ್ಯಾಂಗೌಟ್ಸ್ ಬಂದಾಗ ಆ ಬಾಗಿಲು ಮುಚ್ಚುತ್ತಾ ಬಂತು. ತೆರೆದ ಬಾಗಿಲು ತೆರೆದೇ ಇರುತ್ತದೆ ಎಂದು ನಂಬಿ ಮನೆ ಕಟ್ಟಿದವರು ಹೊರಗುಳಿದರು.

ನಮ್ಮ ದೇಶದಲ್ಲಿ ಇದಕ್ಕೆ ಸರ್ಕಾರದ ಬೀಗವೂ ಇತ್ತು. 2002ರ ಏಪ್ರಿಲ್ 1ರವರೆಗೆ ಇಂಟರ್ನೆಟ್ ಮೇಲೆ ಫೋನ್ ಮಾಡುವುದಕ್ಕೇ ಅನುಮತಿ ಇರಲಿಲ್ಲ. ಆಮೇಲೂ ಕಂಪ್ಯೂಟರ್‌ನಿಂದ ಭಾರತದ ಒಳಗಿನ ಸಾಮಾನ್ಯ ಫೋನ್‌ಗೆ ಕರೆ ಮಾಡುವ ಹಾಗಿರಲಿಲ್ಲ. ಆ ಗೋಡೆ ಚೆನ್ನಾಗಿ ಸಡಿಲವಾಗಿದ್ದು 2018ರಲ್ಲಿ. ಅದೇ ವರ್ಷ ಬಿಎಸ್‌ಎನ್‌ಎಲ್ "ವಿಂಗ್ಸ್" ಎಂಬ ಇಂಟರ್ನೆಟ್ ಫೋನ್ ಸೇವೆ ತಂದಿತು. ಈ ಹದಿನಾರು ವರ್ಷಗಳಲ್ಲಿ ನಮ್ಮಲ್ಲಿ ಈ ವಿದ್ಯೆ ಕಲಿಯುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಕಾನೂನಿನ ಭಯದಲ್ಲಿ ಜಾಸ್ತಿ ಮಾತಾಡುತ್ತಲೂ ಇರಲಿಲ್ಲ. ಕನ್ನಡದಲ್ಲಿ ಈ ವಿಷಯದ ಬರಹ ಬೆಳೆಯದಿರಲು ಇದೂ ಒಂದು ಕಾರಣ ಎಂದು ನನಗನಿಸುತ್ತದೆ.

ಹಾಗಾದರೆ ಆಸಕ್ತರು ಎಲ್ಲಿ ಸೇರುತ್ತಿದ್ದರು? ಆರ್ಕುಟ್‌ನಲ್ಲಿ, ಯಾಹೂ ಗ್ರೂಪ್ಸ್‌ನಲ್ಲಿ, ಆಮೇಲೆ ಗೂಗಲ್ ಪ್ಲಸ್‌ನಲ್ಲಿ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ. ಪ್ರತಿ ಸಲವೂ ಜನ ಹೇಗೋ ಇನ್ನೊಂದು ಕಡೆ ಹೋದರು. ಬರೆದಿಟ್ಟಿದ್ದ ಉತ್ತರಗಳು ಹೋಗಲಿಲ್ಲ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಬಗ್ಗೆ ನಾನೇ ಹಿಂದೆ ಒಂದು ಗುಂಪಿನಲ್ಲಿ ಉದ್ದುದ್ದ ಬರೆದಿದ್ದೆ. ಆ ಗುಂಪು ಈಗಿಲ್ಲ, ನನ್ನ ಹತ್ತಿರ ಪ್ರತಿಯೂ ಇಲ್ಲ.

ಹೀಗೆ ಊರು ಬಿಟ್ಟು ಊರು ತಿರುಗಿದವರು ಕೊನೆಗೆ ವಾಟ್ಸಾಪ್‌ಗೆ ಬಂದು ಕೂತರು. ಒಂದು ಗುಂಪಿಗೆ 1,024 ಜನ ಮಿತಿ. ಹೊಸದಾಗಿ ಸೇರಿದವರಿಗೆ ಹಳೆಯ ಮಾತುಕತೆ ಪೂರ್ತಿ ಸಿಗುವುದಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಒಳಗಿನ ಒಂದು ಸಾಲೂ ಬರುವುದಿಲ್ಲ. ಈಗ ಎಐ ಕೇಳಿ ಕೆಲಸ ಮಾಡುವ ಹುಡುಗರಿದ್ದಾರೆ. ಅವು ಕಲಿಯುವುದೂ ಹೆಚ್ಚಾಗಿ ತೆರೆದ ಕಡೆ ಇರುವ ಬರಹದಿಂದಲೇ. ನಮ್ಮ ಭಾಗದ ರೂಟರ್‌ಗಳ ಬಗ್ಗೆ ಕನ್ನಡದಲ್ಲಿ ತೆರೆದ ಕಡೆ ಏನೂ ಇಲ್ಲದಿದ್ದರೆ ಅವೇನು ಹೇಳಬೇಕು?

ಇಷ್ಟು ಹೇಳಿದರೂ ಮುಚ್ಚಿದ ಗುಂಪನ್ನು ಸುಮ್ನೆ ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ದಿನಾ ನೋಡುತ್ತೇನೆ.

ದಾವಣಗೆರೆ, ಚಿತ್ರದುರ್ಗದಲ್ಲಿ ಈ ಕೆಲಸ ಮಾಡುವವರಲ್ಲಿ ಬಿಐಇಟಿ, ಯುಬಿಡಿಟಿಯಲ್ಲಿ ಓದಿದ ಎಂಜಿನಿಯರ್‌ಗಳು ಕಡಿಮೆ. ಅವರೆಲ್ಲ ಬೆಂಗಳೂರಿಗೆ ಹೋಗುತ್ತಾರೆ. ಇಲ್ಲಿ ಉಳಿದು ಏಣಿ ಹತ್ತುವವರು ಐಟಿಐ, ಡಿಪ್ಲೊಮಾ ಮಾಡಿದ ಹುಡುಗರು. ಬೆಳಗ್ಗೆ ಕ್ಯಾಮೆರಾ ಹಾಕುತ್ತಾರೆ, ಮಧ್ಯಾಹ್ನ ನರ್ಸಿಂಗ್ ಹೋಮ್‌ನ ಇಂಟರ್‌ಕಾಮ್ ರಿಪೇರಿ ಮಾಡುತ್ತಾರೆ, ಸಂಜೆ ಯಾರದ್ದೋ ವೈಫೈ ನೋಡುತ್ತಾರೆ. ಕೈ ಚುರುಕು, ತಲೆ ಚುರುಕು. ಆದರೆ ಇಂಗ್ಲಿಷ್‌ನಲ್ಲಿ ನಾಲ್ಕು ಜನರ ಮುಂದೆ ಪ್ರಶ್ನೆ ಬರೆಯಲು ಹಿಂಜರಿಕೆ. ತೆರೆದ ವೇದಿಕೆಗಳಲ್ಲಿ ಪ್ರಶ್ನೆ ಕೇಳಿದರೆ ಮೊದಲು ಬರುವುದು ಬೈಗುಳ: "ಮೊದಲು ಹುಡುಕಿ ನೋಡು, ಲಾಗ್ ಎಲ್ಲಿ?" ಒಬ್ಬ ಹುಡುಗ ನನಗೆ ಅದನ್ನು ತೋರಿಸಿದ್ದ. ಅವನು ಮತ್ತೆ ಆ ಕಡೆ ಹೋಗಲಿಲ್ಲ. ವಾಟ್ಸಾಪ್‌ನಲ್ಲಾದರೆ ಏಣಿಯ ಮೇಲೆ ನಿಂತೇ ಒಂದು ಫೋಟೊ ತೆಗೆದು, "ಅಣ್ಣಾ, ಇದು ಕೆಂಪು ಲೈಟ್ ತೋರಿಸ್ತಿದೆ, ಏನ್ ಮಾಡ್ಲಿ" ಎಂದು ವಾಯ್ಸ್ ಕಳಿಸುತ್ತಾನೆ. ಹರಿಹರದಲ್ಲೋ ಚಳ್ಳಕೆರೆಯಲ್ಲೋ ಇರುವ ಇನ್ನೊಬ್ಬ ತಕ್ಷಣ ಹೇಳುತ್ತಾನೆ. ಆ ಆಪ್ತತೆಯನ್ನು ಯಾವ ತೆರೆದ ಜಾಲವೂ ನಮಗೆ ಕೊಟ್ಟಿಲ್ಲ.

ಇನ್ನೊಂದು ಕಾರಣ ಭದ್ರತೆ. ಈ ಹುಡುಗರು ಕಳಿಸುವ ಫೋಟೊಗಳಲ್ಲಿ ಸರ್ವರ್ ವಿಳಾಸ, ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ಫೋನ್ ನಂಬರ್), ಪಾಸ್‌ವರ್ಡ್ ಎಲ್ಲಾ ಇರುತ್ತವೆ. ಇದನ್ನು ತೆರೆದ ಕಡೆ ಹಾಕಿದರೆ ಕಥೆ ಮುಗಿಯಿತು. ಸಿಪ್‌ನ ಸಾಮಾನ್ಯ ಬಾಗಿಲು 5060 ಎನ್ನುವ ಪೋರ್ಟ್. ಹೊಸ ಸರ್ವರ್ ಇಂಟರ್ನೆಟ್‌ಗೆ ಬಂದ ಸ್ವಲ್ಪ ಹೊತ್ತಿಗೇ ಎಲ್ಲೆಲ್ಲಿಂದಲೋ ಆ ಬಾಗಿಲು ತಟ್ಟುವುದು ಶುರುವಾಗುತ್ತದೆ. ಎಕ್ಸ್‌ಟೆನ್ಷನ್ 100ಕ್ಕೆ 100 ಎನ್ನುವ ಪಾಸ್‌ವರ್ಡ್ ಇದೆಯೇ, 101ಕ್ಕೆ 101 ಇದೆಯೇ ಎಂದು ಯಂತ್ರಗಳು ಎಡೆಬಿಡದೆ ನೋಡುತ್ತಿರುತ್ತವೆ. ಒಂದು ತೆರೆದುಕೊಂಡರೆ ಶನಿವಾರ ರಾತ್ರಿ ಶುರುಮಾಡಿ ಸೋಮವಾರ ಬೆಳಗ್ಗೆವರೆಗೆ ವಿದೇಶದ ದುಬಾರಿ ನಂಬರ್‌ಗಳಿಗೆ ಕರೆ ಹೋಗುತ್ತಲೇ ಇರುತ್ತದೆ. ಆ ನಂಬರ್‌ಗಳ ಆದಾಯದಲ್ಲಿ ಕಳ್ಳರಿಗೆ ಪಾಲು. ಬಿಲ್ ಮಾತ್ರ ಅಂಗಡಿಯವರಿಗೆ. ನನಗೆ ಗೊತ್ತಿರುವ ಒಂದು ಆಫೀಸಿನಲ್ಲಿ ಹೀಗೆ ಆಗಿದೆ. ಮಾಲೀಕರು ಬಿಲ್ ಹಿಡಿದು ಕೂತಿದ್ದ ಮುಖ ಇವತ್ತಿಗೂ ಕಣ್ಣ ಮುಂದಿದೆ. ಹಾಗಾಗಿ ಪ್ರಶ್ನೆ ಕೇಳಲು ಬಾಗಿಲಿರುವ ಕೋಣೆ ಬೇಕು. ಆ ಮಾತು ನಾನು ಬಿಡುವುದಿಲ್ಲ.

ಪ್ರಶ್ನೆಗೆ ಕೋಣೆ ಸರಿ. ಉತ್ತರಕ್ಕೂ ಅದೇ ಕೋಣೆ ಯಾಕೆ ಬೇಕು? ಪಾಸ್‌ವರ್ಡ್, ಗಿರಾಕಿಯ ಹೆಸರು, ವಿಳಾಸ ತೆಗೆದ ಮೇಲೆ ಉಳಿಯುವುದು ಶುದ್ಧ ತಿಳಿವಳಿಕೆ. ಅದನ್ನು ಹೊರಗೆ ತಂದು, ಯಾರು ಬೇಕಾದರೂ ಓದುವ ಕಡೆ, ಯಾರು ಬೇಕಾದರೂ ಒಯ್ಯುವ ಹಾಗೆ ಇಟ್ಟರೆ ಯಾರಿಗೂ ನಷ್ಟವಿಲ್ಲ. "ನಾವು ಕಲಿತಿದ್ದನ್ನು ಪುಕ್ಕಟೆ ಕೊಟ್ಟರೆ ನಮ್ಮ ಹೊಟ್ಟೆಪಾಡು?" ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಾನು ನೋಡಿದ ಹಾಗೆ, ಗಿರಣಿಯ ಮಾಲೀಕರು ದುಡ್ಡು ಕೊಡುವುದು ಎಎಲ್‌ಜಿ ಎನ್ನುವ ಗುಟ್ಟಿಗಲ್ಲ. ಬಿಸಿಲಲ್ಲಿ ಮಲೇಬೆನ್ನೂರಿಗೆ ಬಂದು, ಧೂಳು ಹೊಟ್ಟಿನ ನಡುವೆ ಕೂತು, ಫೋನ್ ನಡೆಯುವವರೆಗೆ ಎದ್ದು ಹೋಗದವರಿಗೆ ಕೊಡುತ್ತಾರೆ. ಮೂರು ದಿನದ ಕೆಲಸ ಒಂದೇ ದಿನಕ್ಕೆ ಮುಗಿದಿದ್ದರೆ ಉಳಿದ ಎರಡು ದಿನ ಬೇರೆ ಕೆಲಸ ಹಿಡಿಯುತ್ತಿದ್ದೆ.

ಎಲ್ಲಿ ಇಡಬೇಕು ಎನ್ನುವುದು ಮುಂದಿನ ಮಾತು. ಟ್ವಿಟರ್ ಹಾಗೆ ಬರೆಯುವ ಮ್ಯಾಸ್ಟೊಡಾನ್, ಮೆಸೇಜ್ ಕಳಿಸುವ ಮ್ಯಾಟ್ರಿಕ್ಸ್ ಥರದ ಒಕ್ಕೂಟದ ಜಾಲಗಳಿವೆ. ಬೇರೆ ಬೇರೆಯವರ ಸರ್ವರ್‌ಗಳು ಒಂದೇ ಪದ್ಧತಿ ಹಿಡಿದು ಮಾತಾಡಿಕೊಳ್ಳುತ್ತವೆ. ಮ್ಯಾಸ್ಟೊಡಾನ್ ಬಳಸುವ ಆ್ಯಕ್ಟಿವಿಟಿಪಬ್ 2018ರಲ್ಲಿ ಅಧಿಕೃತ ಪದ್ಧತಿ ಆಯಿತು. ಫೋನ್‌ನವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಜಿಯೋ, ಬಿಎಸ್‌ಎನ್‌ಎಲ್ ಇದ್ದ ಹಾಗೆಯೇ. ಆದರೆ ಸಣ್ಣ ಸರ್ವರ್ ನಡೆಸುವವರು ಬೇಸತ್ತರೆ ಅದೂ ಮುಚ್ಚುತ್ತದೆ. ಕನ್ನಡದವರು ಅಲ್ಲಿ ಇನ್ನೂ ಬಹಳ ಕಡಿಮೆ. ಇವತ್ತೇ ಎಲ್ಲರೂ ಅಲ್ಲಿಗೆ ಬನ್ನಿ ಎಂದು ನಾನು ಯಾರನ್ನೂ ಎಳೆಯುವುದಿಲ್ಲ. ಒಂದು ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮದೇ ಹೆಸರಿನ ವಿಳಾಸ, ವರ್ಷಕ್ಕೆ ಸಣ್ಣ ಖರ್ಚಿನಲ್ಲಿ ಸಿಗುತ್ತದೆ. ಅದರ ಮೇಲೆ ಬರಹ ಇಡಿ, ಸಿಪ್ ವಿಳಾಸವನ್ನೂ ಅದರ ಮೇಲೆಯೇ ಮಾಡಿಕೊಳ್ಳಿ. ಕಂಪನಿ ಬದಲಾದರೂ ವಿಳಾಸ ನಿಮ್ಮದೇ.

ಯೂರೋಪ್‌ನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾಗಿದೆ. ಬೇರೆ ಆ್ಯಪ್‌ನವರು ಕೇಳಿದರೆ ವಾಟ್ಸಾಪ್ ಜೊತೆ ಸಂದೇಶ ಕೊಡು-ಕೊಳ್ಳಲು ದಾರಿ ಮಾಡಿಕೊಡಬೇಕು ಎನ್ನುತ್ತದೆ ಆ ಕಾನೂನು. ನಮ್ಮಲ್ಲಿ ಅಂಥ ನಿಯಮ ಇಲ್ಲ. ನಮ್ಮ ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಬೇರೆ ದಿಕ್ಕಿನ ಸೂಚನೆ ಕೊಟ್ಟಿತು. ಖಾತೆ ತೆರೆದ ಸಿಮ್ ಫೋನ್‌ನಲ್ಲಿ ಇದ್ದರೆ ಮಾತ್ರ ಮೆಸೇಜ್ ಆ್ಯಪ್ ನಡೆಯಬೇಕು ಎಂದು. ಆನ್‌ಲೈನ್ ಮೋಸ ತಡೆಯುವುದು ಅದರ ಉದ್ದೇಶ, ಆ ಮೋಸದ ನೋವು ಸಣ್ಣದಲ್ಲ. ಆದರೆ ನಮ್ಮ ಗುರುತು, ನಮ್ಮ ಗುಂಪು, ಅದರೊಳಗಿನ ತಿಳಿವಳಿಕೆ ಎಲ್ಲವೂ ಒಂದು ಸಿಮ್‌ಗೆ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲವು ತಿಂಗಳಿಗೆ ಬೇರೆಯವರ ಪಾಲಾಗುತ್ತದೆ. ಗುಮಾಸ್ತರ ನಂಬರ್ ಜೊತೆ ಗಿರಾಕಿಗಳು ಹೋದ ಕಥೆ ಇಲ್ಲಿಯೂ ಅದೇ.

ಈಗ ನಾವು ಐದಾರು ಜನ ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ. ಗುಂಪಿನಲ್ಲಿ ಒಂದು ತೊಂದರೆ ಬಗೆಹರಿದರೆ, ಆ ವಾರ ಸರದಿ ಬಂದವರು ಅದನ್ನು ಕನ್ನಡದಲ್ಲಿ ಬರೆದು ತೆರೆದ ಕಡೆ ಹಾಕಬೇಕು. ರೂಟರ್ ಮಾಡೆಲ್, ಫರ್ಮ್‌ವೇರ್, ತಾರೀಖು ಇರಲೇಬೇಕು. ಶೀರ್ಷಿಕೆಗೆ ಬಹಳ ಹೊತ್ತು ಚರ್ಚೆ ಮಾಡಿದೆವು. "ಒನ್ ವೇ ಆಡಿಯೊ" ಎಂದು ಬರೆದರೆ ಆ ಪದ ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ. ತೊಂದರೆಯಲ್ಲಿರುವ ಹುಡುಗ ಹುಡುಕುವಾಗ ಏನು ಟೈಪ್ ಮಾಡುತ್ತಾನೆ? ಅವನ ಬಾಯಲ್ಲಿ ಬರುವ ಮಾತನ್ನೇ ಇಟ್ಟೆವು: "ನಮ್ಮ ಮಾತು ಅವರಿಗೆ ಕೇಳುತ್ತೆ, ಅವರದು ನಮಗೆ ಕೇಳಲ್ಲ."

ಹೋದ ತಿಂಗಳು ಅದರ ಕೆಳಗೆ ಹರಿಹರದಿಂದ ಒಬ್ಬರು ಕೇಳಿದ್ದರು. ನಮ್ಮ ಗುಂಪಿನವರಲ್ಲ, ಹುಡುಕಿಕೊಂಡು ಬಂದವರು. ಅವರದು ಉಲ್ಟಾ: ಹೊರಗಿನಿಂದ ಫೋನ್ ಹಚ್ಚಿಕೊಂಡರೆ ಆಫೀಸಿನವರ ಮಾತು ಕೇಳುತ್ತದೆ, ತಮ್ಮದು ಆಫೀಸಿನವರಿಗೆ ಕೇಳುವುದಿಲ್ಲ. ಎಎಲ್‌ಜಿ ಆಫ್ ಮಾಡಿಯೂ ಆಗಿತ್ತು. ವಿಚಾರಿಸಿದರೆ ಸರ್ವರ್ ಅವರ ಆಫೀಸಿನ ಒಳಗೇ ಇತ್ತು. ತನ್ನ ಹೊರಗಿನ ವಿಳಾಸ ಏನು ಎಂದು ಆ ಸರ್ವರ್‌ಗೆ ಯಾರೂ ಹೇಳಿರಲಿಲ್ಲ. ಈ ವಾರದ ಸರದಿ ನನ್ನದು, ಅದನ್ನೇ ಬರೆಯುತ್ತಿದ್ದೇನೆ.